ಮೂರಡಿ ಎತ್ತರದ ಹುಟ್ಟುಹಬ್ಬ

ಪುಸ್ತಕದ ಕಪಾಟು ಇಲ್ಲದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಗುವಿನ ಹುಟ್ಟುಹಬ್ಬದ ಒಂದಾದರೂ ಫೋಟೊ ಇಲ್ಲದ ಮಧ್ಯಮವರ್ಗದ ಮನೆ ಸಿಗುವುದು ಕಷ್ಟ. ಆಲ್ಬಮ್ಮಿನಲ್ಲಿ, ಗೋಡೆಯ ಮೇಲೆ, ಟಿವಿ ಪಕ್ಕದ ಶೋಕೇಸಿನಲ್ಲಿ, ಈಗ ಹೆಚ್ಚಾಗಿ ಫೋನಿನೊಳಗೆ ಅದು ಇದ್ದೇ ಇರುತ್ತದೆ. ಇಷ್ಟೊಂದು ಜನ ಇಷ್ಟು ಪ್ರೀತಿಯಿಂದ ಮತ್ತೆ ಮತ್ತೆ ನೋಡುವ ಈ ಪ್ರಕಾರವನ್ನು ವಿಮರ್ಶೆ ಗಂಭೀರವಾಗಿ ತೆಗೆದುಕೊಂಡದ್ದು ಕಡಿಮೆ. ಕಾದಂಬರಿಯಲ್ಲಿ ಮಗುವೊಂದು ಬಂದರೆ ನಾವು ತಕ್ಷಣ ಕೇಳುವ ಪ್ರಶ್ನೆಗಳಿವೆ: ಈ ಮಗುವನ್ನು ಯಾರ ಕಣ್ಣಿಂದ ನೋಡುತ್ತಿದ್ದೇವೆ? ನಿರೂಪಕ ಎಲ್ಲಿ ನಿಂತಿದ್ದಾನೆ? ಮಗುವಿಗೆ ತನ್ನದೇ ಒಳಬದುಕು ಇದೆಯೋ, ಇಲ್ಲ ದೊಡ್ಡವರ ಕಥೆಗೆ ಅದೊಂದು ಅಲಂಕಾರವೋ? ಇದೇ ಪ್ರಶ್ನೆಗಳನ್ನು ಹುಟ್ಟುಹಬ್ಬದ ಫೋಟೊಗೂ ಹಾಕಿ ನೋಡಿದರೆ, ‘ಪಾರ್ಟಿಯಲ್ಲಿ ಒಳ್ಳೆಯ ಫೋಟೊ ತೆಗೆಯುವುದು ಹೇಗೆ’ ಎಂಬ, ಬರೀ ಕೈಚಳಕದ್ದೆಂದು ಕಾಣುವ ಪ್ರಶ್ನೆ ಬೇರೆಯದೇ ರೀತಿಯಲ್ಲಿ ತೆರೆದುಕೊಳ್ಳುತ್ತದೆ.

ಆ ಫೋಟೊ ಎಲ್ಲರಿಗೂ ಗೊತ್ತು. ನಡುವೆ ಮೇಜು, ಮೇಜಿನ ಮೇಲೆ ಕೇಕು. ಹಿಂದೆ ಬಲೂನುಗಳ ಕಮಾನು, ಅದರ ನಡುವೆ ಮಿಂಚುವ ಅಕ್ಷರಗಳಲ್ಲಿ ಮಗುವಿನ ಹೆಸರು. ಕೇಕಿನ ಹಿಂದೆ ಮಗು, ಅದರ ಎರಡು ಪಕ್ಕಕ್ಕೆ ಅಪ್ಪ ಅಮ್ಮ. ಮಗುವಿನ ಕೈಯಲ್ಲಿ ರಿಬ್ಬನ್ ಕಟ್ಟಿದ ಚಾಕು, ಆ ಕೈಯ ಮೇಲೆ ಅಮ್ಮನ ಕೈ, ಅದರ ಮೇಲೆ ಅಪ್ಪನ ಕೈ. ದೊಡ್ಡವರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ. ‘ಪುಟ್ಟಾ ಇಲ್ಲಿ ನೋಡು, ಇಲ್ಲಿ, ಇಲ್ಲಿ’ ಎಂದು ನಾಲ್ಕು ಕಡೆಯಿಂದ ಕೂಗುತ್ತಿರುವುದರಿಂದ ಮಗು ಐದನೆಯ ಕಡೆಗೆ ನೋಡುತ್ತಿದೆ. ಈ ಚಿತ್ರವನ್ನು ಒಂದು ವಾಕ್ಯ ಎಂದುಕೊಂಡರೆ ಅದರ ಕರ್ತೃ ಯಾರು? ಕೇಕು ಕತ್ತರಿಸುತ್ತಿರುವುದು ಮಗು ಎಂದು ಚಿತ್ರ ಹೇಳುತ್ತದೆ. ಒಂದರ ಮೇಲೊಂದು ಕೂತ ಕೈಗಳು ಮಾತ್ರ ಬೇರೆಯದನ್ನೇ ಹೇಳುತ್ತವೆ.

ಈ ಚಿತ್ರವನ್ನು ಗೇಲಿ ಮಾಡುವುದು ಸುಲಭ, ಆದರೆ ಅದಕ್ಕೂ ಒಂದು ತರ್ಕವಿದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ತನ್ನ ಸಂಗಡಿಗರ ಜೊತೆ 1965ರಲ್ಲಿ ಛಾಯಾಗ್ರಹಣದ ಬಗ್ಗೆ ಒಂದು ಪುಸ್ತಕ ತಂದ. ಮಕ್ಕಳಿರುವ ಮನೆಗಳಲ್ಲಿ ಕ್ಯಾಮೆರಾ ಹೆಚ್ಚಾಗಿ ಇರುತ್ತದೆ, ಕುಟುಂಬ ತಾನು ಒಟ್ಟಾಗಿದ್ದೇನೆ ಎಂದು ತನಗೇ ತೋರಿಸಿಕೊಳ್ಳುವ ಗಳಿಗೆಗಳಲ್ಲಿ ಅದು ಹೊರಬರುತ್ತದೆ ಎಂದು ಅವನು ಗಮನಿಸಿದ. ಹಾಗೆ ನೋಡಿದರೆ ಕೇಕಿನ ಹಿಂದಿನ ಸಾಲು ಒಂದು ಸಾಕ್ಷಿಪತ್ರ: ನಾವೆಲ್ಲ ಬಂದಿದ್ದೆವು, ಈ ಮಗು ನಮ್ಮದು. ಫಿಲ್ಮ್ ರೀಲಿನ ಕಾಲದಲ್ಲಿ ಈ ತರ್ಕ ಇನ್ನೂ ಬಿಗಿಯಾಗಿತ್ತು. ಒಂದು ರೀಲಿಗೆ ಮೂವತ್ತಾರು ಚಿತ್ರ. ಅದನ್ನು ತೊಳೆಸಿ ಪ್ರಿಂಟ್ ಹಾಕಿಸುವುದಕ್ಕೆ ಬೇರೆ ದುಡ್ಡು. ಅಜ್ಜ ಅಜ್ಜಿ, ಸೋದರಮಾವ, ಅತ್ತೆ, ಅಕ್ಕಪಕ್ಕದವರು ಎಲ್ಲರನ್ನೂ ಒಂದೊಂದು ಸಲ ಕೇಕಿನ ಹಿಂದೆ ನಿಲ್ಲಿಸುವಷ್ಟರಲ್ಲಿ ರೀಲು ಮುಗಿಯುತ್ತಿತ್ತು. ಮಗು ಬಲೂನಿನ ಹಿಂದೆ ಓಡುವುದನ್ನು ತೆಗೆಯಲು ಹೋದವನಿಗೆ ‘ರೀಲು ಹಾಳು ಮಾಡಬೇಡ’ ಎಂಬ ಮಾತು ಸಿಗುತ್ತಿತ್ತು.

ಈಗ ಆ ಬಡತನ ಇಲ್ಲ. ಒಂದು ಸಂಜೆಗೆ ಎಂಟುನೂರು ಚಿತ್ರ ತೆಗೆಯಬಹುದು, ತೆಗೆಯುತ್ತೇವೆ ಕೂಡ. ಆದರೂ ಎಂಟುನೂರರಲ್ಲಿ ಏಳುನೂರು ಅದೇ ಚಿತ್ರ. ಸಾಧನ ಬದಲಾದರೂ ನಾವು ನಿಲ್ಲುವ ಜಾಗ ಬದಲಾಗಲಿಲ್ಲ. ನನ್ನ ವಾದ ಇಷ್ಟು: ಹುಟ್ಟುಹಬ್ಬದ ಒಳ್ಳೆಯ ಫೋಟೊ ಎಂದರೆ ಮಗು ಚೆನ್ನಾಗಿ ಕಾಣುವ ಫೋಟೊ ಎಂದು ನಾವು ತಿಳಿದಿದ್ದೇವೆ, ಅದರ ಬದಲು, ಆ ಮಗು ಮುಂದೊಂದು ದಿನ ತೆಗೆದು ನೋಡಿ ‘ಹೌದು, ಇದು ನನ್ನ ದಿನ’ ಎಂದು ಗುರುತಿಸಬಲ್ಲ ಫೋಟೊವನ್ನು ಒಳ್ಳೆಯದು ಎಂದು ಕರೆಯಬೇಕು. ಕ್ಯಾಮೆರಾದ ಎತ್ತರ, ಬೆಳಕು, ಹೊತ್ತು, ಯಾರಿಗೆ ತೋರಿಸುತ್ತೇವೆ ಎಂಬುದು, ಎಲ್ಲವೂ ಈ ಒಂದು ಅಳತೆಯಿಂದ ತೀರ್ಮಾನವಾಗುತ್ತವೆ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೊಂದು ಅನಿರೀಕ್ಷಿತ ಬೆಂಬಲ ಸಿಗುತ್ತದೆ. ಹದಿನಾಲ್ಕನೆಯ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಒಂಬತ್ತು ರಸಗಳ ಜೊತೆಗೆ ವತ್ಸಲವನ್ನೂ ರಸವೆಂದು ಒಪ್ಪುತ್ತಾನೆ. ಅದರ ಆಲಂಬನ ಮಗು. ಉದ್ದೀಪನ ಯಾವುದೆಂದರೆ ಮಗುವಿನ ಚೇಷ್ಟೆಗಳು, ಅದರ ಕಲಿಕೆ, ಧೈರ್ಯ, ದಯೆ ಮುಂತಾದವು. ಅನುಭಾವಗಳ ಪಟ್ಟಿಯಲ್ಲಿ ಅಪ್ಪಿಕೊಳ್ಳುವುದು, ಮುಟ್ಟುವುದು, ನೆತ್ತಿಗೆ ಮುತ್ತಿಡುವುದರ ಜೊತೆಗೆ ‘ಈಕ್ಷಣ’ವೂ ಇದೆ, ಅಂದರೆ ಸುಮ್ಮನೆ ನೋಡುತ್ತಿರುವುದು. ಹುಟ್ಟುಹಬ್ಬದ ದಿನ ಕ್ಯಾಮೆರಾ ಹಿಡಿದವರು ಮಾಡುತ್ತಿರುವುದು ಈ ಈಕ್ಷಣವನ್ನೇ. ಹಾಗಿದ್ದರೆ ಎಡವಟ್ಟು ಎಲ್ಲಿ? ನಾವು ಉದ್ದೀಪನವನ್ನು ಕಿತ್ತುಹಾಕಿ ಅನುಭಾವ ಹುಟ್ಟಲಿ ಎಂದು ಕಾಯುತ್ತೇವೆ. ಮಗುವಿನ ಚೇಷ್ಟೆಯನ್ನು ನಿಲ್ಲಿಸಿ, ಕುರ್ಚಿಯಲ್ಲಿ ಕೂರಿಸಿ, ಗದ್ದ ಎತ್ತಿ, ಕಿರೀಟ ತೊಡಿಸಿ, ಆಮೇಲೆ ನೋಡುವವರ ಮನಸ್ಸು ಕರಗಬೇಕು ಎನ್ನುತ್ತೇವೆ. ದಾಸರ ಪದಗಳಲ್ಲಿ ಯಶೋದೆ ಕೃಷ್ಣನ ಹಿಂದೆ ಓಡುತ್ತಾಳೆ, ಗದರುತ್ತಾಳೆ, ಬೇಡಿಕೊಳ್ಳುತ್ತಾಳೆ. ಅವನು ಕೈಗೆ ಸಿಗುವುದಿಲ್ಲ. ಆ ಹಾಡುಗಳ ಜೀವ ಇರುವುದು ಅವನು ಕೈಗೆ ಸಿಗದೇ ಇರುವುದರಲ್ಲಿ.

ಹಾಗಾಗಿ ಮೊದಲ ಪ್ರಶ್ನೆ ಎತ್ತರದ್ದು. ಮೂರು ವರ್ಷದ ಮಗು ಹೆಚ್ಚುಕಡಿಮೆ ಮೂರಡಿ ಎತ್ತರ ಇರುತ್ತದೆ. ನಿಂತ ದೊಡ್ಡವರ ಕೈಯಲ್ಲಿನ ಫೋನು ಐದಡಿ ಎತ್ತರದಲ್ಲಿರುತ್ತದೆ. ಆ ಎರಡಡಿ ಅಂತರದಲ್ಲಿ ಮಗುವಿನ ಮುಖಕ್ಕಿಂತ ನೆತ್ತಿ ಹೆಚ್ಚು ಕಾಣುತ್ತದೆ, ಹಿನ್ನೆಲೆಯಾಗಿ ನೆಲ ಬರುತ್ತದೆ, ಮೈ ಕುಗ್ಗಿ ತಲೆ ದೊಡ್ಡದಾಗುತ್ತದೆ. ಫೋಟೊ ಕಲಿಸುವವರೆಲ್ಲ ‘ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ’ ಎಂದು ಹೇಳುತ್ತಾರೆ. ಮುಖ ಚೆನ್ನಾಗಿ ಬರುತ್ತದೆ ಎಂದು ಕಾರಣ ಕೊಡುತ್ತಾರೆ. ನನಗೆ ಆ ಸಲಹೆಯ ಇನ್ನೊಂದು ಫಲ ಹೆಚ್ಚು ಮುಖ್ಯ ಎನ್ನಿಸುತ್ತದೆ. ಮೊಣಕಾಲೂರಿ ಕೂತವರಿಗೆ ಮಗುವಿನ ಮುಖದ ಜೊತೆಗೆ ಮಗುವಿನ ಜಗತ್ತೂ ಕಾಣಿಸುತ್ತದೆ. ಮೇಜಿನ ಅಂಚು ಕಣ್ಣಿಗೆ ಸಮನಾಗಿ ನಿಲ್ಲುತ್ತದೆ, ಕೇಕು ಒಂದು ಬೆಟ್ಟವಾಗುತ್ತದೆ. ದೊಡ್ಡವರು ಸೀರೆಯ ನೆರಿಗೆ, ಪ್ಯಾಂಟಿನ ಕಾಲುಗಳಾಗುತ್ತಾರೆ. ಮೇಜುಬಟ್ಟೆಯ ಕೆಳಗೆ ಇನ್ನೊಂದು ಮಗು ಅಡಗಿ ಕೂತಿರುವುದು ಗೊತ್ತಾಗುತ್ತದೆ.

ನಮ್ಮ ಮನೆಯ ಆಲ್ಬಮ್ಮಿನಲ್ಲಿ ನನ್ನ ನಾಲ್ಕನೆಯ ಹುಟ್ಟುಹಬ್ಬದ ಒಂದೇ ಒಂದು ಫೋಟೊ ಇದೆ. ಹೊಸ ಫ್ರಾಕು, ಎರಡು ಜುಟ್ಟು, ಮುಂದೆ ಚೌಕಾಕಾರದ ಕೇಕು. ನಾನು ಕ್ಯಾಮೆರಾವನ್ನೂ ನೋಡುತ್ತಿಲ್ಲ, ಕೇಕನ್ನೂ ನೋಡುತ್ತಿಲ್ಲ. ಕೆಳಗೆ ಎಡಕ್ಕೆ, ಚೌಕಟ್ಟಿನ ಆಚೆ ಇರುವ ಯಾವುದನ್ನೋ ಬಾಯಿ ತೆರೆದು ನೋಡುತ್ತಿದ್ದೇನೆ. ಅಮ್ಮ ಅದು ಬೆಕ್ಕಿನ ಮರಿ ಎನ್ನುತ್ತಾಳೆ. ಅಪ್ಪ ಪಕ್ಕದ ಮನೆಯ ಹುಡುಗಿ ಊದುತ್ತಿದ್ದ ಪೀಪಿ ಎನ್ನುತ್ತಾರೆ. ಫೋಟೊ ತೆಗೆದ ಸ್ಟುಡಿಯೊದವರು ಮಾಡಿದ್ದೆಲ್ಲ ಅವರ ಕಸುಬಿನ ಪ್ರಕಾರ ಸರಿಯಾಗಿಯೇ ಇದೆ: ಫೋಕಸ್ ಚೊಕ್ಕವಾಗಿದೆ, ಕೇಕಿನ ಮೇಲಿನ ಹೆಸರು ಓದಬಹುದು, ಅಪ್ಪ ಅಮ್ಮ ಇಬ್ಬರೂ ಕಣ್ಣು ಬಿಟ್ಟಿದ್ದಾರೆ. ಆದರೆ ಆ ಸಂಜೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಏನು ಎಂಬುದು ಆ ಚಿತ್ರದಲ್ಲಿಲ್ಲ. ವಿಷಯ ಚೌಕಟ್ಟಿನ ಹೊರಗೆ ಉಳಿದಿದೆ, ಚೌಕಟ್ಟಿನೊಳಗೆ ಸಂದರ್ಭ ಮಾತ್ರ ಇದೆ. ಹುಟ್ಟುಹಬ್ಬದ ಫೋಟೊಗಳನ್ನು ನೋಡುವಾಗಲೆಲ್ಲ ನಾನೀಗ ಮೊದಲು ಹುಡುಕುವುದು ಮಗುವಿನ ಕಣ್ಣು ಹೋದ ದಿಕ್ಕಿನಲ್ಲಿ ಏನಿದೆ ಎಂಬುದನ್ನು. ತೆಗೆಯುವವರಿಗೂ ಇದೇ ದಾರಿ: ಮಗು ಯಾವುದನ್ನೋ ನೋಡುತ್ತಿದ್ದರೆ ‘ಇಲ್ಲಿ ನೋಡು’ ಎನ್ನುವ ಮುಂಚೆ ಒಂದು ಹೆಜ್ಜೆ ಹಿಂದೆ ಸರಿದು, ಅದು ನೋಡುತ್ತಿರುವುದನ್ನೂ ಚಿತ್ರದೊಳಗೆ ತನ್ನಿ.

ಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟರೆ ಏನಾಗಬಹುದು ಎಂಬುದಕ್ಕೂ ಒಂದು ನಿದರ್ಶನವಿದೆ. 1894ರಲ್ಲಿ ಹುಟ್ಟಿದ ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್‌ಗೆ ಬಾಲ್ಯದಲ್ಲೇ ಅಪ್ಪನಿಂದ ಕ್ಯಾಮೆರಾ ಸಿಕ್ಕಿತ್ತು. 1905ರಲ್ಲಿ ಅವನು ತೆಗೆದ ಒಂದು ಚಿತ್ರದಲ್ಲಿ ಬಿಶೊನಾದ್ ಎಂಬ ಅವನ ನೆಂಟರ ಹುಡುಗಿ ಮೆಟ್ಟಿಲ ಮೇಲಿಂದ ಜಿಗಿದು, ಉದ್ದ ಲಂಗ ತೊಟ್ಟೇ, ಗಾಳಿಯಲ್ಲಿ ತೇಲುತ್ತಿದ್ದಾಳೆ. ಅನುಕೂಲಸ್ಥ ಮನೆಯ ಆ ಹುಡುಗ ತನ್ನ ಮನೆಮಂದಿಯನ್ನು ಸಾಲಾಗಿ ನಿಲ್ಲಿಸುವುದರ ಬದಲು ಅವರು ಹಾರುವುದು, ಬೀಳುವುದು, ಆಟದ ಗಾಡಿ ಓಡಿಸುವುದನ್ನು ತೆಗೆದ. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ ಚಿತ್ರಗಳನ್ನು ಪ್ರದರ್ಶಿಸಿದಾಗ ಅವನಿಗೆ ಎಪ್ಪತ್ತು ಹತ್ತಿರವಾಗಿತ್ತು. ಮನೆಯವರಿಗೆಂದು ತೆಗೆದ ಚಿತ್ರಗಳೇ ಅಲ್ಲಿ ಕಲೆಯಾದವು. ಪಾರ್ಟಿಯ ನಡುವೆ ಹತ್ತು ನಿಮಿಷ ಹಳೆಯ ಫೋನೊಂದನ್ನು ಏಳೆಂಟು ವರ್ಷದ ಅಕ್ಕನ ಕೈಗೋ ಅಣ್ಣನ ಕೈಗೋ ಕೊಟ್ಟು ನೋಡಿ. ಅರ್ಧಕ್ಕರ್ಧ ಚಿತ್ರಗಳಲ್ಲಿ ಬೆರಳು ಅಡ್ಡ ಬಂದಿರುತ್ತದೆ. ಉಳಿದವುಗಳಲ್ಲಿ ದೊಡ್ಡವರಿಗೆ ಯಾವತ್ತೂ ತೋರಿಸದ ಮುಖವೊಂದನ್ನು ಮಗು ತೋರಿಸಿರುತ್ತದೆ.

ಎತ್ತರದ ನಂತರದ್ದು ಬೆಳಕು. ಪಾರ್ಟಿ ಹಾಲ್‌ಗಳಲ್ಲಿ ಬೆಳಕು ಚಾವಣಿಯಿಂದ ನೇರ ಕೆಳಗೆ ಬೀಳುತ್ತದೆ. ಕಣ್ಣಿನ ಗುಳಿಯಲ್ಲಿ, ಮೂಗಿನ ಕೆಳಗೆ ಕಪ್ಪು ಕೂರುತ್ತದೆ. ಅದನ್ನು ಸರಿಮಾಡಲು ಎದುರಿನಿಂದ ಫ್ಲ್ಯಾಶ್ ಹೊಡೆದರೆ ಮುಖ ಬೆಳ್ಳಗಾಗಿ ಚಪ್ಪಟೆಯಾಗುತ್ತದೆ, ಹಿಂದೆ ನಿಂತ ಅಜ್ಜಿ ಕತ್ತಲಲ್ಲಿ ಮುಳುಗುತ್ತಾಳೆ. ಮೇಣದಬತ್ತಿಯ ಬೆಳಕಿನ ಬಣ್ಣದ ಉಷ್ಣತೆ ಸುಮಾರು 1900 ಕೆಲ್ವಿನ್, ಬಿಳಿ ಟ್ಯೂಬ್‌ಲೈಟಿನದು ಸುಮಾರು 6500. ಎರಡೂ ಒಟ್ಟಿಗೆ ಬಿದ್ದಾಗ ಒಂದು ಕೆನ್ನೆ ಕಿತ್ತಳೆ, ಇನ್ನೊಂದು ನೀಲಿ. ಬೆಳಕು ಕಡಿಮೆಯಾದಷ್ಟೂ ಫೋನು ಹಲವು ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಿ ಒಂದು ಚಿತ್ರ ಮಾಡುತ್ತದೆ. ಅಲುಗಾಡದ ಕೇಕು ಅದರಲ್ಲಿ ಚೆನ್ನಾಗಿ ಬರುತ್ತದೆ, ಕುಣಿಯುವ ಮಗು ಕಲಸಿಹೋಗುತ್ತದೆ. ಓಡುವ ಮಗು ಸ್ಪಷ್ಟವಾಗಿ ಬರಬೇಕಾದರೆ ಶಟರ್ ಸೆಕೆಂಡಿನ 250ನೇ ಒಂದು ಭಾಗದಷ್ಟು ಚುರುಕಾಗಿರಬೇಕು. ಅದಕ್ಕೆ ಬೇಕಾದಷ್ಟು ಬೆಳಕು ಸಂಜೆ ಏಳರ ಹಾಲ್‌ನಲ್ಲಿ ಇರುವುದಿಲ್ಲ. ಅಂದರೆ ಕತ್ತಲ ಹಾಲ್ ಆರಿಸಿಕೊಂಡ ಗಳಿಗೆಯಲ್ಲೇ ನಾವು ಅಲುಗಾಡದ ಮಗುವನ್ನು ಆರಿಸಿಕೊಂಡಿರುತ್ತೇವೆ. ‘ಒಂದು ನಿಮಿಷ ಸುಮ್ಮನೆ ನಿಲ್ಲು’ ಎಂಬ ಮಾತು ಬರುವುದು ನಮ್ಮ ಬಾಯಿಂದ. ಅದನ್ನು ಹೇಳಿಸುವುದು ಆ ಬೆಳಕು.

ಕೇಕಿನ ಮೇಜನ್ನು ಕಿಟಕಿಯ ಹತ್ತಿರ ಎಳೆದು, ನಾಲ್ಕೂವರೆ ಐದರ ಹೊತ್ತಿಗೆ ಸಂಭ್ರಮ ಮುಗಿಸಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಮೇಣದಬತ್ತಿ ಹಚ್ಚಿದಾಗ ಫ್ಲ್ಯಾಶ್ ಆರಿಸಿ, ಚಾವಣಿಯ ಬಿಳಿ ದೀಪಗಳನ್ನೂ ಆರಿಸಿ, ಫೋಟೊ ತೆಗೆಯುವವರ ಬೆನ್ನ ಹಿಂದೆ ಹಳದಿ ಬೆಳಕಿನದೊಂದು ದೀಪ ಇಟ್ಟುಕೊಂಡರೆ, ಬತ್ತಿಯ ಬೆಳಕು ಮಗುವಿನ ಗದ್ದದ ಕೆಳಗಿಂದ ಏರಿ ಕಣ್ಣಲ್ಲಿ ನಿಲ್ಲುತ್ತದೆ. ಊದುವ ಆ ಗಳಿಗೆಗೆ ಮಗು ತಾನಾಗಿಯೇ ಉಸಿರು ಹಿಡಿದು ಸ್ತಬ್ಧವಾಗುವುದರಿಂದ ಕಡಿಮೆ ಬೆಳಕೂ ಸಾಕಾಗುತ್ತದೆ.

ನಮ್ಮ ಅನೇಕ ಮನೆಗಳಲ್ಲಿ ಇನ್ನೊಂದು ಹುಟ್ಟುಹಬ್ಬ ಬೆಳಿಗ್ಗೆಯೇ ಆಗಿಹೋಗಿರುತ್ತದೆ. ಎಣ್ಣೆ ಒತ್ತಿ ತಲೆಗೆ ನೀರು, ಹೊಸ ಬಟ್ಟೆ, ಮಣೆಯ ಮೇಲೆ ಕೂರಿಸಿ ಆರತಿ, ಬಾಯಿಗೆ ಒಂದು ಚಮಚ ಪಾಯಸ, ಹಿರಿಯರ ಕಾಲಿಗೆ ನಮಸ್ಕಾರ. ಒಂದರಲ್ಲಿ ದೀಪ ಬೆಳಗುತ್ತಾರೆ, ಇನ್ನೊಂದರಲ್ಲಿ ಆರಿಸುತ್ತಾರೆ. ಎರಡಕ್ಕೂ ಜಾಗ ಕೊಟ್ಟ ಮನೆಗಳಲ್ಲೂ ಕ್ಯಾಮೆರಾ ಬರುವುದು ಮಾತ್ರ ಸಂಜೆಗೆ. ಬೆಳಗಿನ ಓರೆ ಬಿಸಿಲು ಅಡುಗೆಮನೆ ಬಾಗಿಲಲ್ಲಿ ಬಿದ್ದಿರುತ್ತದೆ, ಮನೆಯಲ್ಲಿ ನಾಲ್ಕೇ ಜನ, ಮಗುವಿಗೆ ಇನ್ನೂ ಸುಸ್ತಾಗಿಲ್ಲ. ಬೆಳಕಿನ ಲೆಕ್ಕದಲ್ಲೂ ಮನಸ್ಸಿನ ಲೆಕ್ಕದಲ್ಲೂ ಆ ದಿನದ ಉತ್ತಮ ಚಿತ್ರಗಳು ಅಲ್ಲಿವೆ. ಒದ್ದೆ ಕೂದಲನ್ನು ಅಜ್ಜಿ ಟವೆಲಿನಲ್ಲಿ ತಿಕ್ಕುವಾಗ ಒಳಗಿಂದ ಇಣುಕುವ ಮುಖ ನಮ್ಮ ಆಲ್ಬಮ್ಮುಗಳಲ್ಲಿ ಸಿಗುವುದು ಅಪರೂಪ. ಯಾಕೆಂದರೆ ಆ ಸಮಾರಂಭಕ್ಕೆ ಅತಿಥಿಗಳಿಲ್ಲ.

ಮೂರನೆಯದು ಹೊತ್ತು. ನಿಲ್ಲಿಸಿ ತೆಗೆದ ಚಿತ್ರಕ್ಕೆ ಬೇಸತ್ತವರು ಈಗ ‘ಕ್ಯಾಂಡಿಡ್’ ಕೇಳುತ್ತಾರೆ. ಇದನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಬಲೂನು ಮೇಲೆ ಎಸೆಯಲು ಹೇಳಿ, ಮಗುವನ್ನು ಗಾಳಿಗೆ ಹಾರಿಸಲು ಅಪ್ಪನಿಗೆ ಹೇಳಿ, ‘ಇನ್ನೊಂದು ಸಲ, ನ್ಯಾಚುರಲ್ ಆಗಿ ನಗಿ’ ಎಂದು ತೆಗೆದದ್ದು ನಿಲ್ಲಿಸಿದ ಚಿತ್ರಕ್ಕಿಂತ ಹೆಚ್ಚು ಕೃತಕ; ನಿಲ್ಲಿಸಿದ ಚಿತ್ರ ತಾನು ನಿಂತಿದ್ದೇನೆಂದು ಒಪ್ಪಿಕೊಳ್ಳುತ್ತದೆಯಾದರೂ. ಒಂದು ವರ್ಷದ ಮಗುವಿನ ಮುಂದೆ ಕೇಕಿಟ್ಟು ಅದರಲ್ಲಿ ಕೈ ಅದ್ದಿಸಿ ತೆಗೆಯುವ ‘ಕೇಕ್ ಸ್ಮ್ಯಾಷ್’ ಕೂಡ ಇಂಥದ್ದೇ. ಮೊದಲ ಸಲ ಕೆನೆ ಮುಟ್ಟಿದ ಅಚ್ಚರಿ ಒಂದು ಕ್ಷಣ ನಿಜವಾಗಿರುತ್ತದೆ. ಎರಡನೆಯ ಟೇಕಿಗೆ ಅದು ನಟನೆ. ಸಹಜತೆ ಎಂಬುದೂ ಒಂದು ಶೈಲಿಯಾಗಿಬಿಡಬಲ್ಲದು ಎಂಬುದು ನವ್ಯ ಕಾವ್ಯ ಓದಿದ ಯಾರಿಗೂ ಹೊಸ ವಿಷಯವಲ್ಲ.

ಹಾಗಿದ್ದರೆ ಒಳ್ಳೆಯ ಗಳಿಗೆ ಎಲ್ಲಿದೆ? ನನ್ನ ಅನುಭವದಲ್ಲಿ ಅದು ಘಟನೆಯ ಅಕ್ಕಪಕ್ಕದಲ್ಲಿದೆ. ಅತಿಥಿಗಳು ಬರುವ ಅರ್ಧ ಗಂಟೆ ಮುಂಚೆ, ಖಾಲಿ ಕುರ್ಚಿಗಳ ನಡುವೆ ಹೊಸ ಶೂ ಟಕಟಕ ಎನ್ನಿಸುತ್ತಾ ಮಗು ಒಂಟಿಯಾಗಿ ಓಡಾಡುವಾಗ. ಕೇಕಿನ ಡಬ್ಬಿಯ ಮುಚ್ಚಳ ತೆರೆಯುವಾಗ. ಹಾಡು ಮುಗಿದರೂ ಊದಬೇಕೋ ಬೇಡವೋ ಗೊತ್ತಾಗದೆ ಅಮ್ಮನ ಮುಖ ನೋಡುವಾಗ. ಉಡುಗೊರೆಯ ಆಟಿಕೆಯನ್ನು ಬದಿಗಿಟ್ಟು ಅದರ ರಟ್ಟಿನ ಪೆಟ್ಟಿಗೆಯೊಳಗೆ ಹೊಕ್ಕು ಕೂರುವಾಗ. ಎಲ್ಲರೂ ಹೋದ ಮೇಲೆ, ಗಾಳಿ ಇಳಿದ ಬಲೂನಿನ ಪಕ್ಕ ನಿದ್ದೆಹೋದಾಗ. ಇವುಗಳಿಗೆ ನಿರ್ದೇಶಕ ಬೇಕಿಲ್ಲ, ಕಾಯುವವರು ಬೇಕು. ಕಾಯುವುದೆಂದರೆ ಹೆಚ್ಚು ಹೊತ್ತು ಕ್ಯಾಮೆರಾ ಕೆಳಗಿಟ್ಟಿರುವುದು. ಸದಾ ಮುಖದ ಮುಂದೆ ಫೋನು ಹಿಡಿದವರ ಎದುರು ಮಗು ಬೇಗ ನಟನೆ ಕಲಿಯುತ್ತದೆ.

ಅಳುವಿನ ಚಿತ್ರದ ಬಗ್ಗೆ ಒಂದು ಮಾತು. ಮೊದಲ ಹುಟ್ಟುಹಬ್ಬದಲ್ಲಿ ಮಕ್ಕಳು ಅಳುವುದು ಸಾಮಾನ್ಯ: ಗದ್ದಲ, ಅಪರಿಚಿತ ಕೈಗಳು, ಚುಚ್ಚುವ ಜರಿಯ ಬಟ್ಟೆ, ತಪ್ಪಿದ ನಿದ್ದೆ. ಅದನ್ನು ತೆಗೆಯಲೇಬಾರದೆಂದು ನಾನು ಹೇಳುವುದಿಲ್ಲ, ಅದೂ ಆ ದಿನದ ಸತ್ಯವೇ. ಆದರೆ ಅದಕ್ಕೆ ನಗುವ ಇಮೋಜಿ ಅಂಟಿಸಿ ಊರಿಗೆಲ್ಲ ಕಳಿಸುವುದು ಬೇರೆ ಕೆಲಸ. ಇಲ್ಲಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬರುತ್ತದೆ: ಈ ಫೋಟೊದ ಓದುಗ ಯಾರು?

ಮೂರು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಮೈಸೂರಿನ ಟಿ.ಎಸ್. ಸತ್ಯನ್ ದೇಶದುದ್ದಕ್ಕೂ ಓಡಾಡಿ ಮಕ್ಕಳ ಚಿತ್ರಗಳನ್ನು ತೆಗೆದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ ಯುನಿಸೆಫ್ ಅವರ ಚಿತ್ರಗಳ ಪ್ರದರ್ಶನವನ್ನು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಏರ್ಪಡಿಸಿತ್ತು. ಅಲ್ಲಿ ನೋಡುಗರು ಅಪರಿಚಿತರು. ಮಗುವಿನ ಹೆಸರು ಗೊತ್ತಿಲ್ಲದಿದ್ದರೂ ಚಿತ್ರ ಮಾತಾಡಬೇಕು, ಅದಕ್ಕೆ ತಕ್ಕ ಕಟ್ಟಡ ಅದಕ್ಕಿರಬೇಕು. ಇನ್ನೊಂದು ತುದಿಯಲ್ಲಿ ರೋಲಾಂ ಬಾರ್ತ್ ಇದ್ದಾನೆ. ಅಮ್ಮ ತೀರಿಕೊಂಡ ಮೇಲೆ ಅವಳ ಹಳೆಯ ಫೋಟೊಗಳನ್ನು ಹುಡುಕುತ್ತಾ ಹೋದ ಅವನಿಗೆ, 1898ರಲ್ಲಿ ತೆಗೆದ, ಅವಳು ಐದು ವರ್ಷದವಳಿದ್ದಾಗಿನ ಒಂದು ಚಿತ್ರದಲ್ಲಿ ಅವಳು ಪೂರ್ತಿಯಾಗಿ ಸಿಕ್ಕಳು. ಛಾಯಾಗ್ರಹಣದ ಬಗ್ಗೆ 1980ರಲ್ಲಿ ಬಂದ ಅವನ ಪುಸ್ತಕದ ಕೇಂದ್ರದಲ್ಲಿರುವುದೇ ಆ ಚಿತ್ರ. ಆದರೆ ಪುಸ್ತಕದಲ್ಲಿ ಬೇರೆ ಎಷ್ಟೋ ಚಿತ್ರಗಳನ್ನು ಅಚ್ಚುಹಾಕಿದ ಅವನು ಅದೊಂದನ್ನು ಹಾಕಲಿಲ್ಲ. ನಿಮಗೆ ಅದು ಸಾವಿರದಲ್ಲಿ ಒಂದು ಹಳೆಯ ಫೋಟೊ ಅಷ್ಟೆ, ನಿಮಗೆ ಅದರಲ್ಲಿ ಗಾಯವಿಲ್ಲ ಎಂಬುದು ಅವನ ಕಾರಣ.

ಮೂರನೆಯದು ಅಮೆರಿಕದ ಯೂಜಿನ್ ಸ್ಮಿತ್‌ನದು. ಎರಡನೆಯ ಮಹಾಯುದ್ಧದಲ್ಲಿ ಚಿತ್ರ ತೆಗೆಯುತ್ತಿದ್ದಾಗ 1945ರಲ್ಲಿ ಓಕಿನಾವಾದಲ್ಲಿ ತೀವ್ರವಾಗಿ ಗಾಯಗೊಂಡ ಅವನು ಬಹಳ ಕಾಲ ಕ್ಯಾಮೆರಾ ಮುಟ್ಟಲಾಗಲಿಲ್ಲ. 1946ರಲ್ಲಿ ಮತ್ತೆ ಕೈಗೆತ್ತಿಕೊಂಡಾಗ ತೆಗೆದದ್ದು ತನ್ನ ಇಬ್ಬರು ಮಕ್ಕಳು ಮರಗಳ ಕತ್ತಲಿನಿಂದ ಬೆಳಕಿನ ಕಡೆಗೆ ನಡೆದುಹೋಗುವ ಚಿತ್ರ. 1955ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ‘ದಿ ಫ್ಯಾಮಿಲಿ ಆಫ್ ಮ್ಯಾನ್’ ಎಂಬ ಪ್ರಸಿದ್ಧ ಪ್ರದರ್ಶನದ ಕೊನೆಯ ಚಿತ್ರವಾಗಿ ಅದನ್ನು ಇಡಲಾಯಿತು. ಅದರಲ್ಲಿ ಮಕ್ಕಳ ಮುಖವೇ ಇಲ್ಲ, ಬೆನ್ನು ಮಾತ್ರ ಕಾಣುತ್ತದೆ. ಲೋಕ ಅದನ್ನು ನೋಡಿತು, ಆದರೂ ಆ ಮಕ್ಕಳ ಮುಖ ಮನೆಯವರದಾಗಿಯೇ ಉಳಿಯಿತು.

ಹುಟ್ಟುಹಬ್ಬದ ಫೋಟೊ ಸ್ವಭಾವದಲ್ಲಿ ಬಾರ್ತ್‌ನ ಚಿತ್ರದ ಜಾತಿಯದು. ಅದು ಹೆಸರು ಗೊತ್ತಿದ್ದವರಿಗಾಗಿ ಇದೆ. ಆದರೆ ನಾವೀಗ ಅದನ್ನು ಸತ್ಯನ್ ಅವರ ನೋಡುಗರಿಗೆ ತೋರಿಸುವ ಹಾಗೆ ತೆಗೆಯುತ್ತಿದ್ದೇವೆ, ಅದೂ ಅವರ ಶ್ರದ್ಧೆಯಿಲ್ಲದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಅಳಿಸಿಹೋಗುವ ಸ್ಟೇಟಸ್ಸಿಗಾಗಿ ಚಿತ್ರ ತೆಗೆದಾಗ ಹಿನ್ನೆಲೆಯ ಅಲಂಕಾರ ಮುಖ್ಯವಾಗುತ್ತದೆ, ಮಗು ಅದರ ಮುಂದೆ ನಿಲ್ಲಿಸುವ ಅಳತೆಗೋಲಾಗುತ್ತದೆ. ಕಣ್ಣು ಬೀಳದಿರಲೆಂದು ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟವರೇ ಅದೇ ಕೆನ್ನೆಯನ್ನು ಮುನ್ನೂರು ಜೊತೆ ಕಣ್ಣಿಗೆ ಕಳಿಸುತ್ತಾರೆ. ದೃಷ್ಟಿಯನ್ನು ನಂಬದವರೂ ಆ ಬೊಟ್ಟಿನ ಹಿಂದಿನ ವಿವೇಕವನ್ನು ಒಪ್ಪಬಹುದು: ಮಗುವನ್ನು ಎಷ್ಟು ಜನ ನೋಡಬೇಕು ಎಂಬುದಕ್ಕೆ ಒಂದು ಮಿತಿ ಇರಬೇಕು, ಆ ಮಿತಿ ಕಾಯುವುದು ದೊಡ್ಡವರ ಕೆಲಸ. ಹಂಚಿಕೊಳ್ಳಲೇಬೇಕೆಂದರೆ ಸ್ಮಿತ್‌ನ ದಾರಿ ಇದೆ. ಬೆನ್ನು, ಕೆನೆ ಮೆತ್ತಿದ ಅಂಗೈ, ಬಾಗಿಲ ಬಳಿ ಗುಡ್ಡೆ ಬಿದ್ದ ಪುಟ್ಟ ಚಪ್ಪಲಿಗಳು. ಇವುಗಳಲ್ಲಿ ಹಬ್ಬ ಪೂರ್ತಿ ಇರುತ್ತದೆ, ಮಗು ಮನೆಯಲ್ಲೇ ಉಳಿಯುತ್ತದೆ.

ಯಾರಿಗೆ ತೋರಿಸಬೇಕು ಎಂಬುದರ ಜೊತೆಗೇ ಯಾರು ಇರಬೇಕು ಎಂಬುದೂ ಇದೆ. ಮನೆಯಲ್ಲಿ ಫೋಟೊ ತೆಗೆಯುವ ಕೆಲಸ ಬಹಳ ಸಲ ಅಮ್ಮನದೋ, ಮದುವೆಯಾಗದ ಚಿಕ್ಕಮ್ಮನದೋ ಆಗಿರುತ್ತದೆ. ಅವರು ಎಲ್ಲ ಚಿತ್ರಗಳಲ್ಲೂ ನೋಟವಾಗಿ ಇದ್ದು ಒಂದರಲ್ಲೂ ದೇಹವಾಗಿ ಇರುವುದಿಲ್ಲ. ಅಡುಗೆಮನೆಯಲ್ಲಿ ಪೂರಿ ಕರಿಯುತ್ತಿದ್ದ ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡು ಗ್ರೂಪ್ ಫೋಟೊಗೆ ಬರುವಷ್ಟರಲ್ಲಿ ಸಾಲು ಚದುರಿರುತ್ತದೆ. ಪಾತ್ರೆ ತೊಳೆಯಲು ಬಂದವಳ ಜೊತೆ ಬಂದ ಮಗು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಬಲೂನು ನೋಡುತ್ತಿರುತ್ತದೆ. ಅದಕ್ಕೆ ಕೇಕು ಸಿಗುತ್ತದೆ, ಚಿತ್ರದಲ್ಲಿ ಜಾಗ ಸಿಗುವುದಿಲ್ಲ. ಹುಟ್ಟುಹಬ್ಬದ ಮಗುವಿಗೆ ಮಾತ್ರ ಈ ವಿಂಗಡಣೆ ಗೊತ್ತಿಲ್ಲ. ಅದು ಆ ಇನ್ನೊಂದು ಮಗುವಿನ ಜೊತೆ ಆಗಲೇ ಮೇಜಿನ ಕೆಳಗೆ ಸೇರಿಕೊಂಡಿರಬಹುದು. ಮೂರಡಿ ಎತ್ತರಕ್ಕೆ ಇಳಿದ ಕ್ಯಾಮೆರಾಕ್ಕೆ ಅವರಿಬ್ಬರೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತಾರೆ. ಐದಡಿಯಿಂದ ನೋಡಿದರೆ ಮೇಜುಬಟ್ಟೆ ಮಾತ್ರ.

ಕೊನೆಯ ಕೆಲಸ ಆಯ್ಕೆ. ಎಂಟುನೂರು ಚಿತ್ರಗಳನ್ನು ಹಾಗೆಯೇ ಇಟ್ಟುಕೊಂಡರೆ ಒಂದನ್ನೂ ಇಟ್ಟುಕೊಂಡಂತಲ್ಲ. ಸಂಪಾದಕರಿಲ್ಲದ ಸಮಗ್ರ ಸಂಪುಟವನ್ನು ಯಾರೂ ಓದುವುದಿಲ್ಲ. ವಾರ ಕಳೆದ ಮೇಲೆ, ಸಂಭ್ರಮ ಇಳಿದ ಮನಸ್ಸಿನಿಂದ ಕೂತು ಇಪ್ಪತ್ತು ಚಿತ್ರ ಆರಿಸಬಹುದು. ಕೇಕಿನ ಹಿಂದಿನ ಸಾಲೂ ಅದರಲ್ಲಿ ಒಂದಿರಲಿ. ಇನ್ನೊಂದು ಮೂವತ್ತು ವರ್ಷಕ್ಕೆ ಆ ಸಾಲಿನಲ್ಲಿ ಎಷ್ಟು ಜನ ಉಳಿದಿರುತ್ತಾರೋ, ಆ ಸಾಕ್ಷಿಪತ್ರಕ್ಕೆ ಆಗ ಬೇರೆಯೇ ಬೆಲೆ ಬರುತ್ತದೆ. ಉಳಿದ ಹತ್ತೊಂಬತ್ತು ಮಗುವಿಗೆ ಸೇರಿದವಾಗಿರಲಿ. ಅವುಗಳನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ: ತಾರೀಖು, ಊರು, ಚಿತ್ರದಲ್ಲಿರುವವರ ಹೆಸರು, ಚಿತ್ರ ತೆಗೆದವರ ಹೆಸರು, ಮತ್ತು ಆ ಗಳಿಗೆಯಲ್ಲಿ ಮಗು ಏನನ್ನು ನೋಡುತ್ತಿತ್ತು ಎಂಬುದು.